ಗಂಡನ ವಿಳಾಸ

ಮಾರ್ಚ್ 3, ಸೋಮವಾರ

ಮದುವೆಯಾಗಿ ಇವತ್ತಿಗೆ ಇಪ್ಪತ್ತೆರಡು ದಿನ, ಈ ದೇಶಕ್ಕೆ ಬಂದು ಮೂರು ದಿನ. ಎರಡನ್ನೂ ದಿನಾ ಬೆರಳು ಮಡಚಿ ಎಣಿಸುವುದು ನನ್ನ ಹೊಸ ಚಟ. ಇಂಗ್ಲಿಷ್ ಮೀಡಿಯಂ ಹುಡುಗಿ ಡೈರಿಯನ್ನು ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದಾಳೆ ಅಂದರೆ, ನಾನು ಇಂಗ್ಲಿಷಿನಲ್ಲಿ ಬರೆದರೆ ಎಷ್ಟೇ ಪ್ರೀತಿಯ ವಿಷಯವಾದರೂ ರಜಾ ಅರ್ಜಿಯ ಹಾಗೆ ಕಾಣುತ್ತದೆ.

ನಮ್ಮ ಮನೆ ನಾಲ್ಕನೇ ಮಹಡಿಯಲ್ಲಿದೆ. ಎಂಬತ್ತೆರಡು ಮೆಟ್ಟಿಲು. ಲಿಫ್ಟ್ ರಿಪೇರಿ ಮಾಡುವ ಗಂಡನನ್ನು ಕಟ್ಟಿಕೊಂಡು ಲಿಫ್ಟಿಲ್ಲದ ಮನೆಗೆ ಬಂದ ಪುಣ್ಯವಂತೆ ನಾನು. ಆದರೆ ಹತ್ತಿ ಬಂದ ಮೇಲೆ ಎಲ್ಲಾ ಮರೆತುಹೋಗುತ್ತದೆ. ಅಡುಗೆಮನೆಯ ಕಿಟಕಿ ನನ್ನಷ್ಟು ಎತ್ತರವಿದೆ. ಕೆಳಗೆ ಹಿತ್ತಲು, ಸೈಕಲ್ಲುಗಳು, ಮೂರು ಬಣ್ಣದ ಕಸದ ಡಬ್ಬಿಗಳು. ಸಾಯಂಕಾಲ ಬಿಸಿಲು ನೇರ ಒಲೆಯ ಮೇಲೆ ಬೀಳುತ್ತದೆ. ನಿನ್ನೆ ನಾವಿಬ್ಬರೂ ಆ ಕಿಟಕಿಯ ಮುಂದೆ ನಿಂತು ಒಂದೇ ಲೋಟದಲ್ಲಿ ಟೀ ಕುಡಿದೆವು. ಇನ್ನೊಂದು ಲೋಟ ಇರಲಿಲ್ಲ, ಅದು ಬೇರೆ ವಿಷಯ. ನಡುಮನೆಯ ಒಂದು ಬೀರುವಿಗೆ ಮಾತ್ರ ಬೀಗ. ‘ಅದರಲ್ಲಿ ಮನೆಯೊಡೆಯರ ಸಾಮಾನಿದೆ’ ಅಂದ.

ಇನ್ನು ನನ್ನ ಕೆಲಸ. ಊರಿನಲ್ಲಿ ಮೂರು ವರ್ಷ ಕಣ್ಣಾಸ್ಪತ್ರೆಯ ಕನ್ನಡಕ ವಿಭಾಗದಲ್ಲಿದ್ದೆ. ಎಂಟು ತಿಂಗಳು ಕಷ್ಟಪಟ್ಟು ಇಲ್ಲಿಯ ಭಾಷೆ ಕಲಿತೆ. ಇಲ್ಲೊಂದು ಕನ್ನಡಕದ ಅಂಗಡಿಯವರು ವಿಡಿಯೋ ಫೋನಿನಲ್ಲೇ ಪರೀಕ್ಷೆ ಮಾಡಿ ಒಪ್ಪಿಕೊಂಡಿದ್ದಾರೆ. ಅಂಗಡಿ ಮೇಡಂ ಹೇಳಿದ್ದು ಇಷ್ಟು: ‘ಏಪ್ರಿಲ್ ಒಂದಕ್ಕೆ ತೆರಿಗೆ ನಂಬರ್ ಜೊತೆ ಬನ್ನಿ. ಬರದಿದ್ದರೆ ಇನ್ನೊಬ್ಬಳು ಕಾಯ್ತಾ ಇದ್ದಾಳೆ.’

ಇಲ್ಲಿ ಆ ನಂಬರ್ ಇಲ್ಲದವರನ್ನು ಯಾರೂ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಅದು ಸಿಗಬೇಕಾದರೆ ಮೊದಲು ವಾರ್ಡ್ ಆಫೀಸಿಗೆ ಹೋಗಿ, ನಾನು ಇಂಥ ಮನೆಯಲ್ಲಿ ವಾಸವಾಗಿದ್ದೇನೆ ಎಂದು ನೋಂದಾಯಿಸಬೇಕು. ಆಮೇಲೆ ವಾರದಲ್ಲಿ ನಂಬರ್ ಅಂಚೆಯಲ್ಲಿ ಬರುತ್ತದೆ. ನೋಂದಣಿಗೆ ಮನೆಯೊಡೆಯರ ಸಹಿ ಇರುವ ಪತ್ರ ಬೇಕು.

‘ಅವರು ಊರಲ್ಲಿಲ್ಲ ಕಣೆ. ಬಂದ ತಕ್ಷಣ ಹಾಕಿಸ್ತೀನಿ. ನೀನು ತಲೆ ಕೆಡಿಸ್ಕೋಬೇಡ’ ಅಂದ.

ಕೆಡಿಸಿಕೊಳ್ಳಲು ನನಗೆ ತಲೆ ಎಲ್ಲಿ ಉಳಿದಿದೆ, ಅಷ್ಟು ಖುಷಿ.

ಮಾರ್ಚ್ 6, ಗುರುವಾರ

ಅವನಿಗೆ ಸರ್‌ಪ್ರೈಸ್ ಕೊಡೋಣ ಎಂದು ವಾರ್ಡ್ ಆಫೀಸಿಗೆ ಒಬ್ಬಳೇ ಹೋದೆ. ಟೋಕನ್ 147. ಒಂದೂವರೆ ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಎದುರಿಗಿದ್ದವರ ಕನ್ನಡಕಗಳಲ್ಲಿ ಯಾವುದು ಸೊಟ್ಟಗಿದೆ ಎಂದು ಲೆಕ್ಕ ಹಾಕಿದೆ. ಹದಿನಾಲ್ಕರಲ್ಲಿ ಒಂಬತ್ತು.

ಗಾಜಿನ ಹಿಂದೆ ಕೂತಿದ್ದ ಹೆಂಗಸು ಕೈಗೆ ಸಿಕ್ಕಿದ್ದನ್ನೆಲ್ಲ ಸ್ಟೇಪಲ್ ಮಾಡುತ್ತಿದ್ದಳು. ನನ್ನ ಟೋಕನ್ನನ್ನೂ ಬಿಡಲಿಲ್ಲ. ಸ್ಟೇಪ್ಲರ್ ಮೇಡಂ ಎಂದು ಮನಸ್ಸಿನಲ್ಲೇ ಹೆಸರಿಟ್ಟೆ.

‘ಮನೆಯೊಡೆಯರ ಪತ್ರ?’

‘ಆಮೇಲೆ ತರ್ತೀನಿ. ನನ್ನ ಗಂಡನ ನೋಂದಣಿ ಆಗಲೇ ಆ ಮನೆಯಲ್ಲಿದೆ. ಅವರ ಹೆಸರಿನ ಕೆಳಗೆ ನನ್ನದೊಂದು ಸೇರಿಸಿದರೆ ಸಾಕು.’

ಅವಳು ವಿಳಾಸ ಟೈಪ್ ಮಾಡಿದಳು. ಪರದೆ ನೋಡಿದಳು. ನನ್ನನ್ನು ನೋಡಿದಳು.

‘ಈ ವಿಳಾಸದಲ್ಲಿ ನಿಮ್ಮ ಗಂಡ ಇಲ್ಲ.’

‘ಇದ್ದಾರೆ ಮೇಡಂ. ಬೆಳಿಗ್ಗೆ ನಾನೇ ಟೀ ಕೊಟ್ಟು ಕಳಿಸಿದ್ದೀನಿ.’

‘ಟೀ ಕುಡಿದಿರಬಹುದು. ನೋಂದಣಿ ಇಲ್ಲ.’

‘ಹಾಗಾದ್ರೆ ಎಲ್ಲಿದ್ದಾರೆ?’

‘ಅದನ್ನು ನಾನು ಹೇಳುವ ಹಾಗಿಲ್ಲ. ಅವರನ್ನೇ ಕೇಳಿ.’

ಪತ್ರ ತೆಗೆದುಕೊಂಡು ಇಪ್ಪತ್ತನೇ ತಾರೀಕು, ಹತ್ತು ನಲವತ್ತಕ್ಕೆ ಬರಬೇಕಂತೆ. ಅದು ತಪ್ಪಿದರೆ ಮುಂದಿನ ದಿನಾಂಕ ಏಪ್ರಿಲ್ ಕೊನೆಯಲ್ಲಿ. ಅಷ್ಟು ಹೊತ್ತಿಗೆ ನನ್ನ ಕುರ್ಚಿಯಲ್ಲಿ ಆ ಇನ್ನೊಬ್ಬಳು ಕೂತಿರುತ್ತಾಳೆ.

ದಾರಿಯುದ್ದಕ್ಕೂ ಒಂದೇ ಯೋಚನೆ. ನೋಂದಣಿಯೇ ಇಲ್ಲದಿದ್ದರೆ ಎಲ್ಲೂ ಇಲ್ಲ ಎನ್ನುತ್ತಿದ್ದಳು. ಹೇಳುವ ಹಾಗಿಲ್ಲ ಅಂದಳು. ಅಂದರೆ ಹೇಳುವಂಥದ್ದು ಏನೋ ಇದೆ.

ಸಾಯಂಕಾಲ ಈರುಳ್ಳಿ ಹೆಚ್ಚುತ್ತಾ ಏನೂ ಆಗದವಳ ಹಾಗೆ ಕೇಳಿದೆ.

‘ನೀನ್ಯಾಕೆ ಒಬ್ಬಳೇ ಹೋದೆ?’ ಅಂದ. ಆಮೇಲೆ, ‘ಅವರ ಕಂಪ್ಯೂಟರ್ ಯಾವಾಗ್ಲೂ ಹಾಗೇ ಕಣೆ, ಹಳೇದು’ ಅಂದ.

ಎರಡನೆಯದನ್ನು ಮೊದಲು ಹೇಳಿದ್ದರೆ ನಂಬುತ್ತಿದ್ದೆ.

ಮಾರ್ಚ್ 7, ಶುಕ್ರವಾರ

ಅಕ್ಕನಿಗೆ ಫೋನ್ ಮಾಡಿದೆ. ‘ಅಕ್ಕಾ, ಗಂಡಂದಿರು ವಿಳಾಸದ ವಿಷಯದಲ್ಲೂ ಸುಳ್ಳು ಹೇಳ್ತಾರಾ?’

‘ನಿಮ್ಮ ಭಾವ ಕಟಿಂಗ್ ಮಾಡಿಸ್ಕೊಂಡು ಬರ್ತೀನಿ ಅಂತ ಹೋಗಿ ಮೂರು ಗಂಟೆ ಬಿಟ್ಟು ಅದೇ ಕೂದಲಲ್ಲಿ ವಾಪಸ್ ಬಂದಿದ್ರು.’

‘ಎಲ್ಲಿಗೆ ಹೋಗಿದ್ರಂತೆ?’

‘ಅಲ್ಲಿ ರಶ್ ಇತ್ತಂತೆ. ಹನ್ನೊಂದು ವರ್ಷ ಆಯ್ತು, ಇನ್ನೂ ಕೇಳ್ತಾ ಇದ್ದೀನಿ.’ ಆಮೇಲೆ ಅವಳ ದನಿ ಗಂಭೀರವಾಯಿತು. ‘ಜಗಳ ತೆಗೀಬೇಡ. ತೆಗೆದ್ರೆ ಹುಷಾರಾಗಿಬಿಡ್ತಾರೆ. ಸುಮ್ನೆ ನೋಡ್ತಾ ಇರು. ಅಮ್ಮಂಗಂತೂ ಹೇಳಲೇಬೇಡ, ನಾಳೆ ಬೆಳಿಗ್ಗೆ ವಿಮಾನ ಹತ್ತಿಬಿಡ್ತಾಳೆ.’

ಅಕ್ಕ ಹಾಗೆ. ಪ್ರತಿಯೊಂದರಲ್ಲೂ ಕೆಟ್ಟದ್ದೇ ಹುಡುಕುತ್ತಾಳೆ. ನಾನು ಅವಳ ಹಾಗಲ್ಲ.

ಮಾರ್ಚ್ 8, ಶನಿವಾರ

ನೋಡುತ್ತಾ ಇದ್ದೇನೆ, ಅಷ್ಟೇ.

ಎರಡು ಗಂಟೆಗೆ ಹೊರಟ. ‘ಎಮರ್ಜೆನ್ಸಿ. ಯಾರೋ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ದಾರೆ.’ ಟೂಲ್ ಬ್ಯಾಗು ಬಾಗಿಲ ಹಿಂದೆಯೇ ಇತ್ತು. ಲಿಫ್ಟನ್ನು ಕೈಯಲ್ಲೇ ಎತ್ತುತ್ತಾನೇನೋ.

ನಾಲ್ಕೂಮುಕ್ಕಾಲಿಗೆ ಬಂದ. ಮೈಯಿಂದ ಇಸ್ತ್ರಿ ಪೆಟ್ಟಿಗೆಯ ಬಿಸಿ ವಾಸನೆ. ತೋಳಿನ ಮೇಲೆ ಒಂದು ಗೇಣುದ್ದದ ಕೆಂಪು ದಾರ. ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಚುಕ್ಕೆ. ಕೋಟಿನ ಒಳಗೆ ಏನೋ ಕಾಗದದ ಕಟ್ಟು, ಅದನ್ನು ನೇರವಾಗಿ ತನ್ನ ಚೀಲಕ್ಕೆ ಸೇರಿಸಿದ.

‘ಯಾರು ಸಿಕ್ಕಿಹಾಕ್ಕೊಂಡಿದ್ರು?’

‘ಒಬ್ಬರು ಅಜ್ಜಿ.’

‘ಪಾಪ. ಎಷ್ಟು ಹೊತ್ತು?’

‘ಎರಡು ಗಂಟೆ.’

ಹೇಳುವಾಗ ಕಣ್ಣು ತಪ್ಪಿಸಲಿಲ್ಲ. ಅಂದರೆ ಅಭ್ಯಾಸವಾಗಿದೆ. ದಾರವನ್ನು ನಾನು ಎತ್ತಿಟ್ಟುಕೊಂಡಿದ್ದೇನೆ. ಈ ಪುಟದಲ್ಲೇ ಇದೆ, ಅಂಟು ಟೇಪಿನ ಕೆಳಗೆ.

ಮಾರ್ಚ್ 10, ಸೋಮವಾರ

ಇಷ್ಟು ದಿನ ನಾನು ಕುರುಡಿಯಾಗಿದ್ದೆ. ಲೆನ್ಸಿನ ಅಕ್ಷ ಎರಡು ಡಿಗ್ರಿ ತಿರುಗಿದರೂ ಹಿಡಿಯುವವಳು, ನಮ್ಮ ಬಾಗಿಲ ಮೇಲಿನ ಹೆಸರು ನೋಡಿರಲಿಲ್ಲ. ಬೆಲ್ಲಿನ ಪಕ್ಕದಲ್ಲಾಗಲಿ ಕೆಳಗಿನ ಅಂಚೆಪೆಟ್ಟಿಗೆಯ ಮೇಲಾಗಲಿ ಅವನ ಹೆಸರಿಲ್ಲ. ಇನ್ಯಾರದೋ ಇದೆ.

‘ಅದು ಮನೆಯೊಡೆಯರದು’ ಅಂದ.

‘ನಿನ್ನ ಪತ್ರಗಳು ಎಲ್ಲಿಗೆ ಬರ್ತವೆ?’

‘ಆಫೀಸಿಗೆ.’

ಅವನು ಸ್ನಾನಕ್ಕೆ ಹೋದಾಗ ಚೀಲ ತೆರೆದೆ. ಜೀವನದಲ್ಲಿ ಮೊದಲ ಸಲ ಬೇರೆಯವರ ಚೀಲಕ್ಕೆ ಕೈ ಹಾಕಿದ್ದು. ಗಂಡ ಬೇರೆಯವನಲ್ಲ ಎಂದು ಸಮಾಧಾನ ಮಾಡಿಕೊಂಡೆ. ಬ್ಯಾಂಕಿನ ಲಕೋಟೆ. ಅವನ ಹೆಸರು. ಅದರ ಕೆಳಗೆ ನಾನು ಕೇಳಿಯೇ ಇರದ ಬೀದಿ, ಒಂಬತ್ತನೇ ನಂಬರು, ಹಿಂಬದಿ ಮನೆ. ಲಕೋಟೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ‘ಶನಿವಾರ’ ಎಂದು ಯಾರೋ ಗುರುತು ಮಾಡಿದ್ದಾರೆ. ಯಾರೋ ಅಂದರೆ ಹೆಂಗಸು. ದುಂಡು ದುಂಡಾದ ಅಕ್ಷರ. ಆ ಅಕ್ಷರಗಳಿಗೆ ಸೊಂಟ ಇದೆ.

ನೀರಿನ ಸದ್ದು ನಿಲ್ಲುವ ಮೊದಲು ಎಲ್ಲ ಮೊದಲಿನಂತೆ ಇಟ್ಟೆ.

ಮಾರ್ಚ್ 12, ಬುಧವಾರ

ಮನೆಯೊಡೆಯರ ಪತ್ರ ಇನ್ನೂ ಬಂದಿಲ್ಲ. ‘ನಾಳೆ’ ಅಂದ.

ಅವನು ಮಾಡಿದ ಸೂಪಿಗೆ ಉಪ್ಪು ಜಾಸ್ತಿ. ಹೇಳಲಿಲ್ಲ. ‘ರೀ, ಬ್ರೆಡ್ ಕೊಡಿ’ ಅಂದೆ. ಬೆಚ್ಚಿಬಿದ್ದ.

ಮಾರ್ಚ್ 15, ಶನಿವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಎರಡು ಗಂಟೆಗೆ ಅವನು ಹೊರಟ, ಇವತ್ತೂ ಟೂಲ್ ಬ್ಯಾಗಿಲ್ಲದೆ. ಒಂದು ನಿಮಿಷ ಬಿಟ್ಟು ನಾನು ಇಳಿದೆ. ಬಸ್ಸಿನಲ್ಲಿ ಅವನು ಮುಂದಿನ ಬಾಗಿಲಲ್ಲಿ, ನಾನು ಹಿಂದಿನ ಬಾಗಿಲಲ್ಲಿ, ಶಾಲು ಮೂಗಿನ ತನಕ. ಆರನೇ ಸ್ಟಾಪು. ಟೈರಿನ ಅಂಗಡಿ, ಮುಚ್ಚಿದ ಔಷಧಿ ಅಂಗಡಿ, ಆಮೇಲೆ ಒಂಬತ್ತನೇ ನಂಬರು. ಕಮಾನಿನ ಒಳಗೆ ನುಗ್ಗಿದರೆ ಒಂದು ಅಂಗಳ, ಹಿಂದೆ ಒಂದು ತಗ್ಗು ಮನೆ. ಬಾಗಿಲ ಪಕ್ಕದಲ್ಲಿ ಆರು ಹೆಸರಿನ ಚೀಟಿ ಒಂದರ ಕೆಳಗೊಂದು ಅಂಟಿಸಿದ್ದವು. ನಾಲ್ಕನೆಯದು ಅವನದು, ಅವನದೇ ಕೈಬರಹದಲ್ಲಿ.

ಕಿಟಕಿ ನನ್ನ ಮೊಣಕಾಲಿನ ಎತ್ತರದಲ್ಲಿತ್ತು. ಬಗ್ಗಿ ನೋಡಿದೆ. ಇಸ್ತ್ರಿ ಮೇಜು, ಎರಡು ಹೊಲಿಗೆ ಯಂತ್ರ, ಗೋಡೆಗೆ ತೂಗುಹಾಕಿದ ಕೆಂಪು ಯೂನಿಫಾರಂ ಕೋಟುಗಳು. ಕೊರಳಿಗೆ ಟೇಪು ಹಾಕಿಕೊಂಡ ಎಪ್ಪತ್ತರ ಹತ್ತಿರದ ಒಬ್ಬ ಮುದುಕಿ. ಬಲ್ಬಿನ ಕೆಳಗೆ, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಕೋಟಿಗೆ ಗುಂಡಿ ಹೊಲಿಯುತ್ತಿದ್ದ ನನ್ನ ಗಂಡ.

ನಿಜ ಬರೆಯಬೇಕು, ಇದನ್ನು ಬೇರೆ ಯಾರೂ ಓದುವುದಿಲ್ಲವಲ್ಲ. ಮೊದಲ ಕ್ಷಣ ನನಗೆ ನಿರಾಸೆಯಾಯಿತು. ಇಡೀ ವಾರ ಒಬ್ಬ ಸುಂದರಿಯನ್ನು ಕಟ್ಟಿ ನಿಲ್ಲಿಸಿದ್ದೆ, ಅವಳಿಗೆ ಸೊಂಟ ಕೊಟ್ಟಿದ್ದೆ, ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆ.

ಬಾಗಿಲು ತಳ್ಳಿ ಒಳಗೆ ಹೋದೆ. ಅವನು ಎದ್ದು ನಿಂತ, ಕೋಟು ಜಾರಿ ಕೆಳಗೆ ಬಿತ್ತು.

‘ನೀನಾ?’

‘ಲಿಫ್ಟ್ ಎಲ್ಲಿ?’ ಅಂದೆ.

ಮುದುಕಿ ನಮ್ಮಿಬ್ಬರನ್ನೂ ನೋಡಿದಳು. ‘ಇವಳೇನಾ ಹೆಂಡತಿ? ಕೂತ್ಕೋ ಮಗಳೇ. ನಿನ್ನ ಗಂಡನಿಗೆ ಗುಂಡಿ ಹೊಲಿಯೋಕೆ ಬರಲ್ಲ. ಹತ್ತು ಹೊಲಿದರೆ ಮೂರು ಜೋತಾಡ್ತವೆ. ಮನೇಲಿ ಸ್ವಲ್ಪ ಕಲಿಸು.’

ಅವಳು ದರ್ಜಿ. ಹಿಂದಿನ ಎರಡು ಕೋಣೆಯನ್ನು ಬಾಡಿಗೆಗೆ ಕೊಡುತ್ತಾಳೆ. ಬಾಗಿಲ ಮೇಲೆ ಆರು ಹೆಸರಿದ್ದರೂ ನಿಜವಾಗಿ ಇರುವವರು ಇಬ್ಬರು. ಉಳಿದ ನಾಲ್ವರು ಹಿಂದೆ ಇದ್ದವರು. ಈಗ ಹೊಸ ಜಾಗದಲ್ಲಿ ನೋಂದಣಿಗೆ ಒಪ್ಪಿಗೆ ಸಿಗದೆ ಹೆಸರನ್ನು ಇಲ್ಲೇ ಬಿಟ್ಟುಹೋಗಿದ್ದಾರೆ. ನನ್ನ ಗಂಡ ಆ ನಾಲ್ವರಲ್ಲಿ ಒಬ್ಬ.

‘ನಾನು ಸುಳ್ಳಿಗೆ ಆಸರೆ ಕೊಡೋಳಲ್ಲ’ ಎಂದಳು ದರ್ಜಿ, ಸೂಜಿಗೆ ದಾರ ಪೋಣಿಸುತ್ತಾ. ‘ನನ್ನ ವಿಳಾಸ ಬೇಕಾದವರು ಶನಿವಾರ ಬಂದು ಎರಡು ಗಂಟೆ ಇಲ್ಲಿರಬೇಕು. ಅವರು ಇಲ್ಲಿ ಇದ್ದ ಹಾಗೂ ಆಯ್ತು, ನನ್ನ ಗುಂಡಿ ಹೊಲಿದ ಹಾಗೂ ಆಯ್ತು.’

‘ನನ್ನ ಹೆಸರೂ ಒಂದು ಸೇರಿಸ್ಕೊಳ್ಳಿ’ ಅಂದೆ. ಬಾಯಿಗೆ ಹೇಗೆ ಬಂತೋ. ಮನಸ್ಸಿನಲ್ಲಿ ಇದ್ದದ್ದು ಇಪ್ಪತ್ತನೇ ತಾರೀಕು.

‘ಆಗಲ್ಲ. ಏಳು ಆದ್ರೆ ಆಫೀಸಿನವರು ಮನೆ ನೋಡೋಕೆ ಬರ್ತಾರೆ, ಆರೂ ಜನ ಬೀದಿಗೆ. ಒಬ್ಬರು ಹೋದ್ರೆ ಒಬ್ಬರು ಬರಬಹುದು.’

ಗಂಡ ನೆಲ ನೋಡುತ್ತಿದ್ದ. ನಾನು ಅವಳ ಕನ್ನಡಕ ನೋಡುತ್ತಿದ್ದೆ. ಎಡಗಡೆಯ ಕಡ್ಡಿ ಹೊರಕ್ಕೆ ತಿರುಗಿ ಇಡೀ ಫ್ರೇಮು ಮೂಗಿನಿಂದ ಜಾರುತ್ತಿತ್ತು. ಕೇಳದೆಯೇ ತೆಗೆದುಕೊಂಡು, ಇಸ್ತ್ರಿಯ ಹಬೆಗೆ ಹಿಡಿದು, ಬಗ್ಗಿಸಿ ಕೊಟ್ಟೆ. ಅವಳು ಹಾಕಿಕೊಂಡು ಸೂಜಿ ನೋಡಿದಳು, ಆಮೇಲೆ ಅವನು ಹೊಲಿದ ಗುಂಡಿ ನೋಡಿದಳು.

‘ಮೂರಲ್ಲ, ನಾಲ್ಕು’ ಅಂದಳು.

ಮಾರ್ಚ್ 16, ಭಾನುವಾರ

ಇವತ್ತು ಅವನು ಎಲ್ಲ ಹೇಳಿದ. ಎಲ್ಲ ಎಂದು ಅವನು ಹೇಳುತ್ತಾನೆ.

ಈ ಮನೆ ಅವನ ಜೊತೆ ಕೆಲಸ ಮಾಡುವವನದು. ಅವನೂ ಬಾಡಿಗೆಯವನೇ. ಒಂದು ವರ್ಷ ಬೇರೆ ಊರಿಗೆ ಹೋಗುವಾಗ ಗುಟ್ಟಾಗಿ ಬಿಟ್ಟುಕೊಟ್ಟಿದ್ದಾನೆ. ಬಾಗಿಲ ಮೇಲೆ ಹೆಸರು ಹಾಕಬಾರದು, ನೋಂದಣಿ ಮಾಡಿಸಬಾರದು ಎನ್ನುವುದು ಕರಾರು. ಬೀಗದ ಬೀರು ಅವನದೇ. ಸಹಿ ಹಾಕಬೇಕಾದ ಮನೆಯೊಡೆಯರಿಗೆ ನಾವಿಬ್ಬರೂ ಇಲ್ಲಿರುವುದೇ ಗೊತ್ತಿಲ್ಲ.

‘ಜನವರಿ ತನಕ ನಾನು ಅಜ್ಜಿ ಮನೆಯ ಹಿಂದಿನ ಕೋಣೇಲಿದ್ದೆ. ನೀನು ಫೋನಲ್ಲಿ ಏನು ಹೇಳಿದ್ದೆ ನೆನಪಿದೆಯಾ? ಯಾರ ಜೊತೆಗೂ ಅಡುಗೆಮನೆ ಹಂಚ್ಕೊಳ್ಳಲ್ಲ. ನಮ್ಮದೇ ಬಾಗಿಲು ಬೇಕು. ಎದುರಿಗೆ ನಿಂತು ಟೀ ಕುಡಿಯೋಕೆ ದೊಡ್ಡ ಕಿಟಕಿ ಬೇಕು.’

‘ಅದು ಸುಮ್ನೆ ಖುಷಿಗೆ ಹೇಳಿದ್ದು.’

‘ನಾನು ಖುಷಿಗೇ ಹುಡುಕಿದ್ದು.’

‘ಹೇಳಬಹುದಿತ್ತಲ್ಲ.’

‘ಹೇಳಿದ್ರೆ ಬರ್ತಿದ್ಯಾ?’

‘ಬರ್ತಿದ್ದೆ.’

‘ಆರು ಸೆಕೆಂಡ್ ತಗೊಂಡೆ’ ಅಂದ. ಲಿಫ್ಟಿನ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ ಎಂದು ಎಣಿಸುವವನು, ಹೆಂಡತಿಯ ಬಾಯಿಯನ್ನೂ ಎಣಿಸುತ್ತಾನೆ.

ಊಟವಾದ ಮೇಲೆ ತಟ್ಟೆ ತೊಳೆಯುತ್ತಾ, ಬೆನ್ನು ತೋರಿಸಿಕೊಂಡೇ ಹೇಳಿದ: ‘ಅಜ್ಜಿ ಹತ್ರ ನನ್ನ ಹೆಸರು ತೆಗೆಸ್ತೀನಿ. ಆ ಜಾಗಕ್ಕೆ ನಿನ್ನದು ಹಾಕಿಸೋಣ. ಗುರುವಾರಕ್ಕೆ ಪತ್ರ ಸಿಗುತ್ತೆ.’

‘ನಿನ್ನದು?’

‘ಹೇಗೋ ಆಗುತ್ತೆ.’

ಹೇಗೂ ಆಗುವುದಿಲ್ಲ. ಜೂನಿನಲ್ಲಿ ಅವನ ಕೆಲಸದ ಪರವಾನಗಿ ಹೊಸದು ಮಾಡಿಸಬೇಕು, ಅದಕ್ಕೆ ವಿಳಾಸ ಬೇಕೇ ಬೇಕು. ಇಷ್ಟು ಸುಲಭವಾಗಿ ಯಾರಾದರೂ ತಮ್ಮ ಜಾಗ ಬಿಟ್ಟುಕೊಡುತ್ತಾರಾ? ಇದರ ಹಿಂದೆ ಇನ್ನೇನಿದೆ? ಅಜ್ಜಿಯ ಮನೆಗೆ ಆಫೀಸಿನವರು ಬಂದರೆ, ಸಿಕ್ಕಿಬೀಳುವ ಹೆಸರು ಆಗ ನನ್ನದಾಗಿರುತ್ತದೆ, ಅವನದಲ್ಲ. ಇದನ್ನು ಅವನು ಯೋಚಿಸಿರಲಾರ ಎಂದು ಹೇಗೆ ಹೇಳುವುದು?

ಅಕ್ಕನಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು. ‘ಗುಂಡಿ ಹೊಲೀತಾನಾ? ಒಂದು ವಾರ ನಮ್ಮನೆಗೆ ಕಳಿಸಿಕೊಡು.’

ಅವಳಿಗೆ ಗಂಭೀರತೆಯೇ ಇಲ್ಲ.

ಮಾರ್ಚ್ 18, ಮಂಗಳವಾರ

ಅವನಿಗೆ ಹೇಳದೆ ಕನ್ನಡಕದ ಅಂಗಡಿಗೆ ಹೋದೆ. ಒಂದು ತಿಂಗಳು ತಡವಾಗಬಹುದು, ದಯವಿಟ್ಟು ಕಾಯಿರಿ ಎಂದು ಕೇಳುವುದು ಉದ್ದೇಶ.

ಅಂಗಡಿ ಮೇಡಂ ಫೋನಿನಲ್ಲಿ ಕಂಡದ್ದಕ್ಕಿಂತ ಕುಳ್ಳು. ನಾನು ಬಾಯಿ ತೆರೆಯುವ ಮೊದಲೇ ಒಂದು ತಟ್ಟೆ ಮುಂದಿಟ್ಟರು. ಆರು ಫ್ರೇಮು, ಕಣ್ಣಿನ ನಂಬರ್ ಬರೆದ ಆರು ಚೀಟಿ. ‘ಯಾವುದನ್ನು ಗಿರಾಕಿಗೆ ಕೊಡಬಹುದು, ಯಾವುದನ್ನು ಕೊಡಬಾರದು, ಹೇಳಿ.’ ಲೆನ್ಸುಗಳನ್ನು ಒಂದೊಂದಾಗಿ ಎತ್ತಿ, ಕಿಟಕಿಯ ಸರಳಿನ ಮುಂದೆ ಹಿಡಿದು ಅತ್ತಿತ್ತ ಆಡಿಸಿದೆ. ಚೀಟಿಯಲ್ಲಿ ಹೇಳದ ಕಡೆ ಸರಳು ಮುರಿದ ಹಾಗೆ ಕಂಡರೆ ಲೆನ್ಸು ತಪ್ಪಿದೆ. ಎರಡನ್ನು ಪಕ್ಕಕ್ಕಿಟ್ಟೆ. ಅವರು ಯಂತ್ರದಲ್ಲಿ ಇಟ್ಟು ನೋಡಿದರು. ಅವೇ ಎರಡು.

ಆಮೇಲೆ ನನ್ನ ಕಥೆ ಕೇಳಿದರು. ದರ್ಜಿಯ ಮನೆಯ ವಿಷಯ ಹೇಳಲಿಲ್ಲ. ನಾವಿರುವ ಮನೆಯವರು ಸಹಿ ಹಾಕುವುದಿಲ್ಲ ಎಂದಷ್ಟೇ ಹೇಳಿದೆ.

‘ಈ ಊರಲ್ಲಿ ಎಲ್ಲರ ಕಥೆಯೂ ಅದೇ’ ಎಂದು ಮೆಟ್ಟಿಲು ಹತ್ತಿಸಿ ಮೇಲಿನ ಕೋಣೆ ತೋರಿಸಿದರು. ಒಂದು ದೊಡ್ಡದು, ಒಂದು ಚಿಕ್ಕದು, ಎರಡರ ತುಂಬ ಹಳೆಯ ಫ್ರೇಮಿನ ರಟ್ಟಿನ ಪೆಟ್ಟಿಗೆಗಳು. ಸ್ನಾನದ ಮನೆ ಕೆಳಗೆ, ಅಂಗಡಿಯ ಜೊತೆ ಸೇರಿದ್ದು. ಅಡುಗೆಗೆ ಒಂದು ಮೂಲೆ. ಇರುವ ಒಂದೇ ಕಿಟಕಿ ತೆರೆಯುವುದು ಮೆಟ್ಟಿಲಿನ ಕಡೆಗೆ. ಅಲ್ಲಿ ನಿಂತರೆ ಗೋಡೆ ಕಾಣುತ್ತದೆ.

‘ಪೆಟ್ಟಿಗೆ ನೀವೇ ಖಾಲಿ ಮಾಡ್ಕೋಬೇಕು. ಪತ್ರ ಇವತ್ತೇ ಬರೆದುಕೊಡ್ತೀನಿ. ಆದರೆ ನಿಮ್ಮ ಹೆಸರು ಮಾತ್ರ.’

‘ನನ್ನ ಗಂಡ?’

‘ನಿಮ್ಮ ಕೈ ನೋಡಿದ್ದೀನಿ. ಅವರನ್ನ ನೋಡಿಲ್ಲ. ನಾಳೆ ನೀವು ಸೇರಿಸ್ಕೋಬೇಕು ಅಂದ್ರೆ ನಿಮ್ಮ ಸಹಿ ಮೇಲೆ ಸೇರಿಸ್ಕೊಳ್ಳಿ. ನಿಮ್ಮ ಜವಾಬ್ದಾರಿ.’

ಮಡಚಿದ ಪತ್ರವನ್ನು ಬೂಟಿನ ಒಳಗಿಟ್ಟುಕೊಂಡು ಮನೆಗೆ ಬಂದೆ. ಗುರುವಾರ ಕಳೆಯಲಿ, ಆಮೇಲೆ ಹೇಳುತ್ತೇನೆ. ಮುಂಚೆ ಹೇಳಿದರೆ ಏನಾದರೂ ಅಡ್ಡ ಬರುತ್ತದೆ. ಏನು ಅಡ್ಡ ಬರುತ್ತದೆ ಎಂದು ಗೊತ್ತಿಲ್ಲ.

ಮಾರ್ಚ್ 20, ಗುರುವಾರ

ಹತ್ತು ನಲವತ್ತು. ಸ್ಟೇಪ್ಲರ್ ಮೇಡಂ ಪತ್ರ ಓದಿದಳು.

‘ಹೋದ ಸಲ ಬೇರೆ ವಿಳಾಸ ಇತ್ತು.’

‘ಅಲ್ಲಿ ಟೀ ಮಾತ್ರ ಕುಡೀತಿದ್ದೆ’ ಅಂದೆ.

ನಗುತ್ತಾಳೇನೋ ಎಂದುಕೊಂಡೆ. ನಗಲಿಲ್ಲ. ‘ಗಂಡ ಜೊತೆಗಿರ್ತಾರಾ?’

‘ಸದ್ಯಕ್ಕೆ ಇಲ್ಲ.’

‘ಮುಂದೆ?’

‘ನೋಡೋಣ.’

ಠಸ್ಸೆ ಬಿತ್ತು. ಜೊತೆಗೆ ಇನ್ನೊಂದು ಖಾಲಿ ನಮೂನೆ ಕೊಟ್ಟಳು. ಯಾರನ್ನಾದರೂ ಜೊತೆಗೆ ಸೇರಿಸಿಕೊಳ್ಳುವುದಾದರೆ ಮನೆಯ ಮುಖ್ಯ ನಿವಾಸಿ ಸಹಿ ಹಾಕಬೇಕಂತೆ. ಮುಖ್ಯ ನಿವಾಸಿ ಎಂದರೆ ನಾನು.

ಸಾಯಂಕಾಲ ಅವನಿಗೆ ಹೇಳಿದೆ. ಅಡುಗೆಮನೆಯ ಕಿಟಕಿಯ ಹತ್ತಿರ ಹೋಗಿ ನಿಂತ.

‘ಒಳ್ಳೇದಾಯ್ತು ಕಣೆ’ ಅಂದ. ಆಮೇಲೆ, ‘ಒಬ್ಬಳೇ ಹೋಗಿದ್ಯಾ?’

ಅದನ್ನೇ ಅವತ್ತೂ ಕೇಳಿದ್ದ. ಆದರೆ ಇವತ್ತು ದನಿ ಬೇರೆ ಇತ್ತು. ಯಾಕೆ ಬೇರೆ ಇತ್ತು ಎಂದು ಯೋಚಿಸಬೇಕು.

ಮಾರ್ಚ್ 23, ಭಾನುವಾರ

ಅಂಗಡಿಯ ಮೇಲಿನ ಕೋಣೆಗೆ ಬಂದಾಯಿತು. ಹದಿನಾಲ್ಕೇ ಮೆಟ್ಟಿಲು. ಅಂಗಡಿ ಮೇಡಂಗೆ ಹೇಳಿದ್ದೇನೆ, ‘ಗಂಡ ಸಹಾಯಕ್ಕೆ ಬರ್ತಾರೆ’ ಎಂದು. ಅವನು ನಲವತ್ತೊಂದು ಪೆಟ್ಟಿಗೆ ಹೊತ್ತ, ಗೋಡೆಗೆ ಮೊಳೆ ಹೊಡೆದ, ಸೋರುತ್ತಿದ್ದ ನಲ್ಲಿ ಸರಿಮಾಡಿದ, ಮೆಟ್ಟಿಲ ಕಡೆಯ ಕಿಟಕಿಗೆ ಬಟ್ಟೆ ಕಟ್ಟಿದ. ಮೇಡಂ ಇಣುಕಿ ನೋಡಿ, ‘ಸಹಾಯ ಚೆನ್ನಾಗಿ ಮಾಡ್ತಾರೆ’ ಎಂದು ಹೋದರು.

ಅವನ ಕೋಟು ಬಾಗಿಲ ಮೇಲಿತ್ತು. ಜೇಬಿನಲ್ಲಿ ನಾಲ್ಕಾಗಿ ಮಡಚಿದ ಹಾಳೆ. ಇಪ್ಪತ್ತೆರಡು ಫೋನ್ ನಂಬರು, ಪ್ರತಿಯೊಂದರ ಪಕ್ಕದಲ್ಲೂ ಮಹಡಿ, ಕೋಣೆ, ‘ಕಿಟಕಿ ಇದೆ’, ‘ಕಿಟಕಿ ಚಿಕ್ಕದು’, ‘ನೋಂದಣಿ ಇಲ್ಲ’ ಎಂದೆಲ್ಲ ಬರೆದಿದ್ದಾನೆ. ಮೇಲ್ಗಡೆ ತಾರೀಕು, ಕಳೆದ ನವೆಂಬರ್. ಎಲ್ಲಕ್ಕೂ ಅಡ್ಡಗೆರೆ.

ಹತ್ತೊಂಬತ್ತು ನಂಬರು ನೀಲಿ ಇಂಕಿನಲ್ಲಿವೆ. ಮೂರು ಮಾತ್ರ ಕಪ್ಪಿನಲ್ಲಿ. ಆ ಮೂರು ಯಾರವು?

ಮಾರ್ಚ್ 28, ಶುಕ್ರವಾರ

ಬಂತು. ನನ್ನ ಹೆಸರಿನ ಅಂಚೆಪೆಟ್ಟಿಗೆಗೆ, ನನ್ನ ಹೆಸರಿನ ಲಕೋಟೆ. ಹನ್ನೊಂದು ಅಂಕಿ. ಮೆಟ್ಟಿಲಲ್ಲೇ ನಿಂತು ಬಾಯಿಪಾಠ ಮಾಡಿದೆ. ಕೊನೆಯ ಎರಡು ಅಂಕಿ ಒಂದೇ, ನನಗೆ ಅದು ಬಹಳ ಇಷ್ಟವಾಯಿತು. ಕೆಳಗಿಳಿದು ಅಂಗಡಿ ಮೇಡಂಗೆ ತೋರಿಸಿದೆ. ಬರೆದುಕೊಂಡು, ‘ಮಂಗಳವಾರ ಒಂಬತ್ತಕ್ಕೆ’ ಎಂದರು. ಇನ್ನೊಬ್ಬಳಿಗೆ ನನ್ನ ಎದುರಿಗೇ ಫೋನ್ ಮಾಡಿ ಬೇಡವೆಂದರು. ಆ ಹುಡುಗಿ ಯಾರೋ, ಅವಳಿಗೂ ಎಲ್ಲೋ ಸಹಿ ಸಿಕ್ಕಿರಲಿಕ್ಕಿಲ್ಲ.

ಲಕೋಟೆಯನ್ನು ಚಳಿಯ ಕೋಟಿನ ಒಳಪದರದಲ್ಲಿ ಇಟ್ಟಿದ್ದೇನೆ.

ಮಾರ್ಚ್ 29, ಶನಿವಾರ

ಬೆಳಿಗ್ಗೆ ಅಕ್ಕನಿಗೆ ನಂಬರ್ ಬಂದದ್ದು ಹೇಳಿದೆ. ‘ಗಂಡನಿಗೆ ಹೇಳಿದ್ಯಾ?’ ಅಂದಳು. ಹೇಳುತ್ತೇನೆ ಅಂದೆ. ‘ಯಾಕೆ, ಅವನು ಕಚ್ಚಿಕೊಂಡು ಓಡಿಹೋಗ್ತಾನಾ?’ ಅಂದಳು. ಅಕ್ಕನಿಗೆ ಎಲ್ಲದರಲ್ಲೂ ತಮಾಷೆ.

ಅವನಿಗೆ ಸೋಮವಾರ ವಾರ್ಡ್ ಆಫೀಸಿನಲ್ಲಿ ಸಮಯ ಸಿಕ್ಕಿದೆ, ಯಾರೋ ರದ್ದು ಮಾಡಿದ ಜಾಗ. ದರ್ಜಿಯ ಬಾಗಿಲಿನಿಂದ ತನ್ನ ಚೀಟಿ ಕಿತ್ತು ಬರಲು ಮಧ್ಯಾಹ್ನ ಹೋದ. ಹೋಗುವ ಮುನ್ನ ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾವ ಬಸ್ಸು ಎಲ್ಲವನ್ನೂ ತಾನಾಗಿಯೇ ಹೇಳಿದ. ಅರ್ಧ ಗಂಟೆಯ ಕೆಲಸ. ಎರಡೂವರೆ ಗಂಟೆ ಬಿಟ್ಟು ಬಂದ. ಕೊನೆಯ ಶನಿವಾರವಲ್ಲವೇ ಎಂದು ಅಜ್ಜಿಗೆ ಗುಂಡಿ ಹೊಲಿದುಕೊಟ್ಟು ಬಂದನಂತೆ. ಇವತ್ತು ಒಂದೂ ಜೋತಾಡಲಿಲ್ಲವಂತೆ. ದಾರ ಈ ಸಲ ನೀಲಿ.

ಚಪ್ಪಲಿ ಬಿಡುತ್ತಾ ಕೇಳಿದ, ‘ನಿನ್ನ ನಂಬರ್ ಬಂತಾ?’

‘ಇಲ್ಲ’ ಅಂದೆ.

ಯಾಕೆ ಹಾಗೆ ಅಂದೆನೋ. ಸೋಮವಾರ ಅವನ ಕೆಲಸವೂ ಆದ ಮೇಲೆ ಎರಡನ್ನೂ ಒಟ್ಟಿಗೆ ಹೇಳೋಣ ಎಂದಿರಬೇಕು. ಹೌದು, ಅದಕ್ಕೇ.

‘ಬರುತ್ತೆ ಬಿಡು. ಮಂಗಳವಾರದೊಳಗೆ ಬರದಿದ್ರೆ ನಾನೇ ಬಂದು ಮೇಡಂ ಹತ್ರ ಮಾತಾಡ್ತೀನಿ’ ಎಂದ. ಅಷ್ಟೇ. ಯಾಕೆ ಬಂದಿಲ್ಲ ಎಂದು ಕೇಳಲಿಲ್ಲ. ಅಂಚೆಪೆಟ್ಟಿಗೆ ನೋಡಲಿಲ್ಲ. ನನ್ನ ಮುಖ ಕೂಡ ನೋಡಲಿಲ್ಲ. ಉಳಿದ ಪೆಟ್ಟಿಗೆಗಳನ್ನು ಹೊತ್ತುಕೊಂಡು ಕೆಳಗೆ ಹೋದ. ಶಿಳ್ಳೆ ಹಾಕುತ್ತಿದ್ದಾನೆ, ಇಲ್ಲಿಗೆ ಕೇಳಿಸುತ್ತಿದೆ.

ನಮೂನೆ ನನ್ನ ಮುಂದಿದೆ. ಅವನ ಭಾಗವನ್ನು ಅವನು ದಪ್ಪ ಅಕ್ಷರದಲ್ಲಿ ತುಂಬಿದ್ದಾನೆ. ಕೆಳಗೆ ಒಂದು ಸಾಲು, ‘ಮೇಲೆ ಹೇಳಿದ ವ್ಯಕ್ತಿ ನನ್ನೊಂದಿಗೆ ವಾಸವಾಗಿದ್ದಾರೆ ಎಂದು ದೃಢೀಕರಿಸುತ್ತೇನೆ.’ ವಾಸವಾಗಿಯೇನೋ ಇದ್ದಾನೆ. ಅವನ ಅಂಗಿ ಮೊಳೆಯ ಮೇಲಿದೆ, ರೇಜರ್ ಕಿಟಕಿಯ ಕಟ್ಟೆಯ ಮೇಲಿದೆ, ಟೂಲ್ ಬ್ಯಾಗು ಬಾಗಿಲ ಹಿಂದಿದೆ. ಪೆನ್ನಿನ ಮುಚ್ಚಳ ತೆಗೆದಿದ್ದೇನೆ.

ಸಹಿ ಹಾಕುವುದಂತೂ ಖಂಡಿತ. ಅವನು ಮೇಲೆ ಬರಲಿ. ಒಂದೇ ಒಂದು ವಿಷಯ ಕೇಳಿ ಹಾಕುತ್ತೇನೆ: ನಾನು ‘ಇಲ್ಲ’ ಎಂದಾಗ ಅಷ್ಟು ಬೇಗ ಯಾಕೆ ನಂಬಿದ?